ಮೂಗರ್ಜಿಯೋ, ಹೆಸರಿಟ್ಟ ದೂರೋ?

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯೊಂದರ ಲೆಕ್ಕಪತ್ರ ವಿಭಾಗದ ಓದುಗರೊಬ್ಬರು ಕೇಳಿದ್ದಾರೆ: “ಉಗ್ರಾಣಕ್ಕೆ ಬಾರದ ಸರಕಿಗೂ ಬಿಲ್ಲು ಪಾಸಾಗುತ್ತಿದೆ, ಸಹಿ ನನ್ನ ಮೇಲಧಿಕಾರಿಯದೇ. ಹೆಸರಿಲ್ಲದೆ ಪತ್ರ ಬರೆದರೆ ಸಾಕೇ? 2014ರ ಕಾಯ್ದೆ ನನ್ನನ್ನು ಕಾಪಾಡುತ್ತದೆಯೇ?”

ಮಾನ್ಯರೇ,

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಕಾಯ್ದೆಯನ್ನೇ ನಂಬಿ ಮುಂದಡಿ ಇಡುವುದು ಅಪಾಯಕರ. ಅಕ್ರಮ ಬಯಲಿಗೆಳೆಯುವವರ ರಕ್ಷಣಾ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿತಾದರೂ ಅದು ಜಾರಿಗೆ ಬರದೆ ಕಾಗದದಲ್ಲೇ ಉಳಿದಿದೆ. ಜಾರಿಗೆ ಬಂದರೂ ಅದು ಸರ್ಕಾರಿ ಅಧಿಕಾರಿಗಳ ಭ್ರಷ್ಟಾಚಾರಕ್ಕೆ ಸಂಬಂಧಿಸಿದ್ದೇ ಹೊರತು ಖಾಸಗಿ ಕಂಪನಿಯ ಒಳವ್ಯವಹಾರಕ್ಕಲ್ಲ.

ತಮಗೆ ಅನ್ವಯಿಸುವುದು 2013ರ ಕಂಪನಿ ಕಾಯ್ದೆಯ 177ನೆಯ ಕಲಮು. ಅದರ ಪ್ರಕಾರ ಷೇರುಪೇಟೆಯಲ್ಲಿರುವ ಪ್ರತಿಯೊಂದು ಕಂಪನಿಯೂ ನೌಕರರ ದೂರುಗಳಿಗಾಗಿ ಒಂದು ವ್ಯವಸ್ಥೆಯನ್ನು ಇಟ್ಟಿರಲೇಬೇಕು, ದೂರು ಕೊಟ್ಟವರಿಗೆ ಕಿರುಕುಳವಾಗದಂತೆ ನೋಡಿಕೊಳ್ಳಬೇಕು ಮತ್ತು ವಿಶೇಷ ಸಂದರ್ಭಗಳಲ್ಲಿ ಅವರು ನೇರವಾಗಿ ಕಂಪನಿಯ ನಿರ್ದೇಶಕ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರಿಗೇ ದೂರು ಸಲ್ಲಿಸಲು ಅವಕಾಶ ಕೊಡಬೇಕು. ಸಹಿ ಮೇಲಧಿಕಾರಿಯದೇ ಆಗಿರುವಾಗ ತಮ್ಮದು ಅಂಥ ಸಂದರ್ಭವೆಂದೇ ನನ್ನ ಅಭಿಪ್ರಾಯ. ಈ ವ್ಯವಸ್ಥೆಯ ವಿವರಗಳನ್ನು ಕಂಪನಿಯ ಜಾಲತಾಣದಲ್ಲೇ ಓದಿಕೊಳ್ಳಿ. ಕಚೇರಿಯಲ್ಲಿ ವಿಚಾರಿಸಲು ಹೋದರೆ ಸುಳಿವು ಹತ್ತೀತು. ಆದರೆ ಈ ರಕ್ಷಣೆಗೂ ಮಿತಿಯಿದೆ: ಕೆಲಸದಿಂದ ತೆಗೆದವರನ್ನು ಮರಳಿ ಸೇರಿಸಿಕೊಳ್ಳಬೇಕೆಂಬ ಮಾತು ಆ ಕಲಮಿನಲ್ಲಿ ಇಲ್ಲ.

ಇನ್ನು ಮೂಗರ್ಜಿಯ ವಿಚಾರ. ತಮ್ಮ ಅಂಜಿಕೆ ಅಕಾರಣವೆಂದು ನಾನು ಹೇಳಲಾರೆ. ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಬರೆದಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೋರಿದ್ದರೂ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ದಾಟಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಆ ಬಳಿಕ 2004ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿರ್ಣಯದಂತೆ, ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಉದ್ಯಮಗಳಿಗೆ ಸಂಬಂಧಿಸಿದ ದೂರುಗಳನ್ನು ಕೇಂದ್ರ ಜಾಗೃತ ಆಯೋಗ ಮುಚ್ಚಿದ ಲಕೋಟೆಯಲ್ಲಿ ಸ್ವೀಕರಿಸುತ್ತದೆ. ಗಮನಿಸಬೇಕಾದ್ದೆಂದರೆ, ಅಲ್ಲಿಯೂ ಮೂಗರ್ಜಿಗೆ ಮಾನ್ಯತೆಯಿಲ್ಲ: ದೂರುದಾರರು ಹೆಸರು ವಿಳಾಸ ಕೊಡಲೇಬೇಕು, ಆದರೆ ಬರೆದವರು ಯಾರೆಂಬ ಸುಳಿವು ದೂರಿನ ಒಕ್ಕಣೆಯಲ್ಲಿ ಸಿಗಬಾರದು. ಆ ಆಯೋಗದ ವ್ಯಾಪ್ತಿಗೆ ತಮ್ಮ ಕಂಪನಿ ಬರುವುದಿಲ್ಲವಾದರೂ ಒಕ್ಕಣೆಯ ಈ ಎಚ್ಚರ ತಮಗೂ ಬೇಕು. ಹೆಸರಿಲ್ಲದ ಪತ್ರವನ್ನು ಕೆಲವು ಕಂಪನಿಗಳು ಪರಿಶೀಲಿಸಬಹುದು, ಆದರೆ ತನಿಖೆ ನಡೆಸುವವರು ಮರುಪ್ರಶ್ನೆ ಕೇಳಲು ಯಾರೂ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾಳೆ ತಮ್ಮ ಮೇಲೆ ಸೇಡು ತೀರಿಸಿಕೊಂಡರೆ ಅದು ದೂರಿನ ಫಲವೆಂದು ತೋರಿಸಲು ದೂರು ತಮ್ಮದೆಂಬುದಕ್ಕೇ ದಾಖಲೆ ಇರುವುದಿಲ್ಲ. ಆದ್ದರಿಂದ ಹೆಸರಿಟ್ಟು, ಅದನ್ನು ಗೋಪ್ಯವಾಗಿಡಬೇಕೆಂದು ಲಿಖಿತವಾಗಿ ಕೋರಿ, ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರಿಗೇ ಬರೆಯಿರಿ.

ಬಿಲ್ಲಿನ ಸಂಖ್ಯೆ, ದಿನಾಂಕ, ಸರಕು ಸ್ವೀಕೃತಿಯ ದಾಖಲೆ ಇಲ್ಲದಿರುವುದು, ಇಷ್ಟನ್ನೇ ಹೇಳಿ. ಲಂಚದ ಊಹೆ ಬೇಡ. ಕಡತಗಳನ್ನು ಮನೆಗೆ ಒಯ್ಯುವುದಂತೂ ಬೇಡವೇ ಬೇಡ, ಅದೇ ತಮ್ಮ ಮೇಲಿನ ಆರೋಪವಾದೀತು. ಸೇಡು ಸಾಮಾನ್ಯವಾಗಿ ವರ್ಗಾವಣೆಯ ಅಥವಾ ಕೆಟ್ಟ ವಾರ್ಷಿಕ ಮೌಲ್ಯಮಾಪನದ ರೂಪದಲ್ಲಿ ಬರುವುದರಿಂದ ತಮ್ಮ ಹಿಂದಿನ ಮೌಲ್ಯಮಾಪನಗಳ ಪ್ರತಿಯನ್ನೂ ದೂರು ತಲುಪಿದ್ದಕ್ಕೆ ಪುರಾವೆಯನ್ನೂ ಜೋಪಾನವಾಗಿಡಿ. ಕಂಪನಿ ಅಲುಗಾಡದಿದ್ದರೆ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಗೆ ಬರೆಯಬಹುದು, ಕಂಪನಿಯ ಲೆಕ್ಕಪರಿಶೋಧಕರಿಗೂ ತಿಳಿಸಬಹುದು. 1 ಕೋಟಿ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವಂಚನೆ ನಡೆದಿದೆಯೆಂದು ನಂಬಲು ಕಾರಣ ಕಂಡರೆ ಅದನ್ನು ಕೇಂದ್ರ ಸರ್ಕಾರಕ್ಕೆ ವರದಿ ಮಾಡುವುದು ಅವರ ಕಾನೂನುಬದ್ಧ ಕರ್ತವ್ಯ.

ಸಂಪಾದಕ