ನಷ್ಟದಲ್ಲಿರುವ ನರ್ಸರಿಯನ್ನು ಕೊಳ್ಳಬಹುದೇ?

ಪ್ರಶ್ನೆ: ನನಗೆ 43 ವರ್ಷ. ಖಾಸಗಿ ಕಂಪನಿಯೊಂದರ ಹದಿನೆಂಟು ವರ್ಷಗಳ ಕೆಲಸವನ್ನು ಈಚೆಗೆ ಬಿಟ್ಟಿದ್ದೇನೆ. ಗಿಡಗಳ ಬಗ್ಗೆ ಮೊದಲಿನಿಂದಲೂ ಆಸಕ್ತಿ ಇದೆ. ಬೆಂಗಳೂರಿನ ಕನಕಪುರ ರಸ್ತೆಯ ಬದಿಯಲ್ಲಿ, ಅರ್ಧ ಎಕರೆ ಬಾಡಿಗೆ ಜಾಗದಲ್ಲಿ ಪರಿಚಿತರೊಬ್ಬರು ನಡೆಸುತ್ತಿರುವ ನರ್ಸರಿ ಮಾರಾಟಕ್ಕಿದೆ. ಗಿಡ ಮತ್ತು ಕುಂಡಗಳ ಮಾರಾಟದಿಂದ ವರ್ಷಕ್ಕೆ 13 ಲಕ್ಷ ರೂಪಾಯಿ ಬರುತ್ತದೆ. ಹದಿನಾಲ್ಕು ಅಪಾರ್ಟ್‌ಮೆಂಟ್ ಮತ್ತು ಮನೆಗಳ ಕೈತೋಟ ನಿರ್ವಹಣೆಯಿಂದ ತಿಂಗಳಿಗೆ 2.10 ಲಕ್ಷ ಬರುತ್ತದೆ. ಕಳೆದ ವರ್ಷ ಸುಮಾರು 1 ಲಕ್ಷ ನಷ್ಟವಾಗಿದೆ. ಗಿಡಗಳಿಗೆ ತೆರಿಗೆ ಇಲ್ಲವೆಂಬ ಕಾರಣಕ್ಕೆ ಅವರು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. 18 ಲಕ್ಷ ಕೇಳುತ್ತಿದ್ದು, ಅದರಲ್ಲಿ 6 ಲಕ್ಷ ಗಿಡಗಳ ಬೆಲೆ ಎನ್ನುತ್ತಾರೆ. ‘ನನಗೆ ವಯಸ್ಸಾಯಿತು, ಗಮನ ಕೊಡುವವರಿದ್ದರೆ ಲಾಭಕ್ಕೆ ಬರುತ್ತದೆ’ ಎಂಬುದು ಅವರ ಮಾತು. ನನ್ನ ಉಳಿತಾಯ 20 ಲಕ್ಷ. ಪತ್ನಿಗೆ ಒಪ್ಪಿಗೆಯಿಲ್ಲ. ಕೊಳ್ಳಬಹುದೇ? ಕೊಂಡರೆ ಹಳೆಯ ಹೆಸರನ್ನೇ ಉಳಿಸಿಕೊಳ್ಳಬೇಕೇ? ಅವರು ಕೊಟ್ಟ ಖರ್ಚಿನ ಪಟ್ಟಿಯನ್ನು ಲಗತ್ತಿಸಿದ್ದೇನೆ.

ಉತ್ತರ: ಈಗಿನ ರೂಪದಲ್ಲಿ, ಈ ಬೆಲೆಗೆ ಕೊಳ್ಳಬೇಡಿ. ಆದರೆ ಇದರಲ್ಲಿ ಕೊಳ್ಳತಕ್ಕ ಭಾಗವೊಂದು ಇರಬಹುದು. ಅದು ನಿಮ್ಮ ಕಣ್ಣಿಗೆ ಮೊದಲು ಬೀಳುವ ಹಸಿರು ಭಾಗವಲ್ಲ.

ನೀವು ಕಳುಹಿಸಿದ ಪಟ್ಟಿಯಲ್ಲಿ ಎಲ್ಲ ಖರ್ಚುಗಳೂ ಒಟ್ಟಿಗಿವೆ. ಅವನ್ನು ಎರಡಾಗಿ ಬಿಡಿಸಿ ನೋಡಿದೆ. ನಿರ್ವಹಣೆಯ ಕೆಲಸಕ್ಕೆ ಹೋಗುವ ಏಳು ಮಾಲಿಗಳಿಗೆ ತಲಾ 19 ಸಾವಿರದಂತೆ 1.33 ಲಕ್ಷ, ಗೊಬ್ಬರ, ಔಷಧಿ ಮತ್ತು ವಾಹನಕ್ಕೆ 45 ಸಾವಿರ ಕಳೆದರೆ ತಿಂಗಳಿಗೆ 32 ಸಾವಿರ ಉಳಿಯುತ್ತದೆ. ನರ್ಸರಿಯ ಕಡೆ ತಿಂಗಳಿಗೆ ಸರಾಸರಿ 1.08 ಲಕ್ಷದ ವ್ಯಾಪಾರವಿದ್ದರೆ, ಗಿಡ ತರಿಸಲು 54 ಸಾವಿರ, ಬಾಡಿಗೆ 45 ಸಾವಿರ, ಇಬ್ಬರು ಕೆಲಸಗಾರರಿಗೆ 38 ಸಾವಿರ, ನೀರು ಮತ್ತು ವಿದ್ಯುತ್ತಿಗೆ 12 ಸಾವಿರ ಸೇರಿ ಖರ್ಚೇ 1.49 ಲಕ್ಷ. ಅಂದರೆ ಮಾಲಿಗಳು ದುಡಿದು ತಂದ 32 ಸಾವಿರವನ್ನು ನುಂಗಿದ ಮೇಲೂ ನರ್ಸರಿಗೆ 9 ಸಾವಿರ ಸಾಲದು. ವರ್ಷಕ್ಕೆ 1 ಲಕ್ಷದ ನಷ್ಟ ಹುಟ್ಟುವುದು ಇಲ್ಲಿ. ಈ ಲೆಕ್ಕದಲ್ಲಿ ಮಾಲೀಕರ ದುಡಿಮೆಗೆ ಒಂದು ರೂಪಾಯಿಯೂ ಇಲ್ಲ. ನಾಳೆ ನೀವು ಆ ಕುರ್ಚಿಯಲ್ಲಿ ಕುಳಿತರೆ ನಿಮ್ಮ ಸಂಬಳವೂ ಸೊನ್ನೆಯೇ. ವಯಸ್ಸಿನಿಂದಾದ ನಷ್ಟವಾಗಿದ್ದರೆ ಹೊಸಬರ ಉತ್ಸಾಹದಿಂದ ತುಂಬಬಹುದಿತ್ತು. ಬಾಡಿಗೆಯಿಂದಾದ ನಷ್ಟ ಮಾಲೀಕರ ಜೊತೆ ಹೊರಟುಹೋಗುವುದಿಲ್ಲ, ಜಾಗದಲ್ಲಿಯೇ ಉಳಿಯುತ್ತದೆ.

ಇದಕ್ಕಿಂತ ಹೆಚ್ಚು ಕಳವಳ ಹುಟ್ಟಿಸಿದ್ದು ಜಿಎಸ್‌ಟಿಯ ಮಾತು. ಗಿಡಗಳಿಗೆ ತೆರಿಗೆ ಇಲ್ಲ ಎಂಬುದು ನಿಜ, ಮತ್ತು ಬರೀ ಗಿಡಗಳನ್ನೇ ಮಾರುವವರಿಗೆ ನೋಂದಣಿಯ ಅಗತ್ಯವೂ ಇಲ್ಲ. ಆದರೆ ತೋಟದ ನಿರ್ವಹಣೆ ಶೇ 18ರ ತೆರಿಗೆಗೆ ಒಳಪಡುವ ಸೇವೆ. ಸೇವೆ ಒದಗಿಸುವವರ ಒಟ್ಟು ವಹಿವಾಟು, ತೆರಿಗೆಯಿಲ್ಲದ ಗಿಡಗಳ ಮಾರಾಟವನ್ನೂ ಸೇರಿಸಿ, ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಇಲ್ಲಿ ವಹಿವಾಟು 38 ಲಕ್ಷವನ್ನು ಮೀರಿದೆ. ನಿರ್ವಹಣೆಯ 25.20 ಲಕ್ಷದ ಮೇಲೆ ವರ್ಷಕ್ಕೆ ಸುಮಾರು 4.5 ಲಕ್ಷ ತೆರಿಗೆ, ಅದರ ಮೇಲೆ ಬಡ್ಡಿ ಮತ್ತು ದಂಡ ಬಾಕಿ ಇರುವ ಸಾಧ್ಯತೆಯಿದೆ. ಎಷ್ಟು ವರ್ಷಗಳದ್ದೆಂದು ಅವರೇ ಹೇಳಬೇಕು. ‘ಅದು ಅವರ ಹಳೆಯ ಬಾಕಿ, ನನಗೇನು’ ಎನ್ನುವಂತಿಲ್ಲ. ಜಿಎಸ್‌ಟಿ ಕಾಯ್ದೆಯ 85ನೇ ಕಲಮಿನ ಪ್ರಕಾರ, ವ್ಯವಹಾರವನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ವರ್ಗಾಯಿಸಿಕೊಂಡಾಗ ಅಲ್ಲಿಯವರೆಗಿನ ತೆರಿಗೆಗೆ ಕೊಟ್ಟವರೂ ಕೊಂಡವರೂ ಜಂಟಿಯಾಗಿ ಹೊಣೆ.

ಮುಂದಿನ ದಿನಗಳಿಗೂ ಇದು ತಟ್ಟುತ್ತದೆ. ನೀವು ನೋಂದಣಿ ಮಾಡಿಸಿ ಹಳೆಯ ದರದೊಳಗೇ ತೆರಿಗೆ ಸೇರಿಸಿಕೊಂಡರೆ ತಿಂಗಳಿಗೆ ಸರಿಸುಮಾರು 32 ಸಾವಿರ ಸರ್ಕಾರಕ್ಕೆ ಹೋಗುತ್ತದೆ. ನಿರ್ವಹಣೆಯಲ್ಲಿ ಉಳಿಯುತ್ತಿದ್ದದ್ದೂ ಅಷ್ಟೇ. ದರದ ಮೇಲೆ ಪ್ರತ್ಯೇಕವಾಗಿ ಹಾಕಿದರೆ, ಆ ತೆರಿಗೆಯನ್ನು ಮರಳಿ ಪಡೆಯುವ ಅವಕಾಶವಿಲ್ಲದ ನಿವಾಸಿಗಳ ಸಂಘಗಳಿಗೆ ಅದು ನೇರವಾಗಿ ಶೇ 18ರ ದರ ಏರಿಕೆ. 50 ಲಕ್ಷದೊಳಗಿನ ವಹಿವಾಟಿಗೆ ಶೇ 6ರ ರಾಜಿ ತೆರಿಗೆ ಪದ್ಧತಿಯೂ (ಒಟ್ಟು ವಹಿವಾಟಿನ ಮೇಲೆ ಒಂದೇ ಕಡಿಮೆ ದರದಲ್ಲಿ ಕಟ್ಟುವುದು) ಇದೆ, ಆದರೆ ಅದನ್ನು ಗ್ರಾಹಕರಿಂದ ವಸೂಲು ಮಾಡುವಂತಿಲ್ಲ. ಯಾವುದು ಲೇಸೆಂದು ಲೆಕ್ಕಪರಿಶೋಧಕರ ಮುಂದೆ ಕುಳಿತು ನೋಡಿ. ನನ್ನ ಅಂದಾಜಿನಲ್ಲಿ, ಹದಿನಾಲ್ಕರಲ್ಲಿ ಎಷ್ಟು ಗ್ರಾಹಕರು ಹೊಸ ದರಕ್ಕೆ ಒಪ್ಪುತ್ತಾರೆ ಎಂಬುದರ ಮೇಲೆಯೇ ಈ ಖರೀದಿಯ ಹಣೆಬರಹ ನಿಂತಿದೆ. ಹಣ ಕೊಡುವ ಮೊದಲು ಮಾಲೀಕರನ್ನು ಕರೆದುಕೊಂಡು ಹೋಗಿ ಆ ಗ್ರಾಹಕರನ್ನೇ ಕೇಳಿ.

ಗಿಡಗಳ 6 ಲಕ್ಷದ ಬಗ್ಗೆ ಒಂದು ಮಾತು. ನರ್ಸರಿಯ ಗಿಡ ಇಟ್ಟಷ್ಟೂ ಬೆಲೆ ಏರುವ ಸರಕಲ್ಲ. ಸಣ್ಣ ಪಾಲಿಥಿನ್ ಚೀಲದಲ್ಲಿ ಎರಡು ವರ್ಷ ನಿಂತ ಗಿಡದ ಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ನೆಲದಲ್ಲಿ ನೆಟ್ಟರೂ ಅದು ಚೇತರಿಸಿಕೊಳ್ಳುವುದು ಕಷ್ಟ. ಅಲ್ಲಲ್ಲಿ ಹತ್ತಿಪ್ಪತ್ತು ಚೀಲಗಳನ್ನು ಬಿಡಿಸಿ ಬೇರು ನೋಡಿ. ಮಾರಾಟ ದರಕ್ಕೆ ಒಪ್ಪಬೇಡಿ. ಅದೇ ಗಿಡ ಇಂದು ನರ್ಸರಿಗಳಿಗೆ ಹೆಸರಾದ ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬಂದಿಳಿದರೆ ಎಷ್ಟಾಗುತ್ತದೆಯೋ ಅದೇ ಮೇಲ್ಮಿತಿ. ಅದರಲ್ಲೂ ಆರು ತಿಂಗಳಿಂದ ಕದಲದ ಸಾಲುಗಳನ್ನು ಲೆಕ್ಕದಿಂದ ಬಿಡಿ. ಇನ್ನೊಂದು ವಿಷಯ: ಜುಲೈನಲ್ಲಿ ಎಲ್ಲ ನರ್ಸರಿಗಳೂ ಚೆಂದವೇ. ನೀವು ನೋಡಬೇಕಾದದ್ದು ಮಾರ್ಚ್-ಏಪ್ರಿಲ್‌ನ ಟ್ಯಾಂಕರ್ ಬಿಲ್ಲುಗಳನ್ನು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು; 2025ರ ಫೆಬ್ರುವರಿಯಲ್ಲೂ ಅದು ಮರುಕಳಿಸಿತು. ಆ ತಿಂಗಳುಗಳಲ್ಲಿ ಎಷ್ಟು ಗ್ರಾಹಕರು ಕೆಲಸ ನಿಲ್ಲಿಸಿದರು, ಸಂಸ್ಕರಿಸಿದ ನೀರಿನ ಸ್ವಂತ ಘಟಕ ಎಷ್ಟು ಅಪಾರ್ಟ್‌ಮೆಂಟ್‌ಗಳಲ್ಲಿದೆ ಎಂಬುದನ್ನು ಕೇಳಿ. ಘಟಕವಿರುವ ಗ್ರಾಹಕರು ಬೇಸಿಗೆಯಲ್ಲಿ ಕೈಬಿಡುವ ಸಂಭವ ಕಡಿಮೆ.

ಜಾಗದ ಕರಾರನ್ನು ನೀವು ಪ್ರಸ್ತಾಪಿಸಿಯೇ ಇಲ್ಲ. ರೂಢಿಯ ಹನ್ನೊಂದು ತಿಂಗಳ ಕರಾರಾಗಿದ್ದರೆ ಅದಕ್ಕೆ ಬೆಲೆ ಕಟ್ಟುವುದರಲ್ಲಿ ಅರ್ಥವಿಲ್ಲ. 2021ರಲ್ಲಿ ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಬಂದ ರಸ್ತೆಯದು. ಜಮೀನಿನ ಮಾಲೀಕರು ನಾಳೆ ಅದನ್ನು ಕಟ್ಟಡದವರಿಗೆ ಕೊಟ್ಟರೆ ನೀವು ಗಿಡಗಳನ್ನು ಹೊತ್ತು ಎಲ್ಲಿಗೆ ಹೋಗುತ್ತೀರಿ? ನರ್ಸರಿ ಬೇಕೇಬೇಕೆಂದಿದ್ದರೆ ನಿಮ್ಮ ಹೆಸರಿನಲ್ಲಿ ಕನಿಷ್ಠ ಐದು ವರ್ಷದ ನೋಂದಾಯಿತ ಕರಾರು ಆಗಲಿ. ನೆಲದಲ್ಲಿ ಬೇರೂರಿದ ತಾಯಿಗಿಡಗಳು, ನೆರಳುಮನೆ ಮತ್ತು ಕೊಳವೆಬಾವಿಯ ಮೋಟಾರು ಯಾರದ್ದೆಂದು ಅದರಲ್ಲಿಯೇ ಬರೆಸಿ.

ನಾನು ನಿಮ್ಮ ಜಾಗದಲ್ಲಿದ್ದರೆ ಇಡುತ್ತಿದ್ದ ಪ್ರಸ್ತಾಪ ಹೀಗೆ: ನರ್ಸರಿಯನ್ನು ಬಿಟ್ಟು ನಿರ್ವಹಣೆಯ ಕೆಲಸವನ್ನಷ್ಟೇ ಕೊಳ್ಳುವುದು. ವರ್ಗಾವಣೆಯಾಗುವ ಪ್ರತಿ ಗ್ರಾಹಕರಿಗೆ ಒಂದೂವರೆ ತಿಂಗಳ ಬಿಲ್ಲಿನಷ್ಟು ಬೆಲೆ. ಎಲ್ಲ ಹದಿನಾಲ್ಕೂ ಬಂದರೆ ಅದು 3.15 ಲಕ್ಷವಾಗುತ್ತದೆ. ಅರ್ಧವನ್ನು ಈಗ, ಇನ್ನರ್ಧವನ್ನು ಆರು ತಿಂಗಳ ನಂತರ, ಆಗಲೂ ಉಳಿದಿರುವ ಗ್ರಾಹಕರ ಲೆಕ್ಕದಲ್ಲಿ ಕೊಡುವುದು. ವಾಹನ ಮತ್ತು ಹುಲ್ಲು ಕತ್ತರಿಸುವ ಯಂತ್ರಗಳಿಗೆ ಬಳಸಿದ ಸರಕಿನ ಬೆಲೆ. ಹಳೆಯ ತೆರಿಗೆಯನ್ನು ಮಾರುವವರು ಮೊದಲು ಕಟ್ಟಿ ಮುಗಿಸಬೇಕು. ಕಟ್ಟದಿದ್ದರೆ ಎರಡನೆಯ ಕಂತು ತಡೆಹಿಡಿಯುವ ಷರತ್ತಿರಲಿ. ಹಿರಿಯ ಮಾಲಿಯೊಬ್ಬರು ಎಲ್ಲ ಗ್ರಾಹಕರಿಗೂ ಬೇಕಾದವರಾಗಿದ್ದರೆ, ಅವರು ನಿಮ್ಮ ಜೊತೆ ಇರುತ್ತಾರೋ ಇಲ್ಲವೋ ಎಂಬುದು ಮಾಲೀಕರ ಸಹಿಯಷ್ಟೇ ಮುಖ್ಯ. ಈ ಪ್ರಸ್ತಾಪಕ್ಕೆ ಮಾಲೀಕರು ಒಪ್ಪದಿದ್ದರೆ, ಅದೇ ಹಣದ ಕಾಲು ಭಾಗದಲ್ಲಿ ಇಬ್ಬರು ಮಾಲಿಗಳೊಂದಿಗೆ ಸ್ವಂತವಾಗಿ ಆರಂಭಿಸಿ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯ ಸಹಾಯಧನದ ಸಾಲ ಸಿಗುವುದೂ ಹೊಸ ಘಟಕಗಳಿಗೆ. ನಡೆಯುತ್ತಿರುವ ವ್ಯವಹಾರವನ್ನು ಕೊಳ್ಳಲು ಅದು ಬರುವುದಿಲ್ಲ.

ನಿಮ್ಮ ಪತ್ನಿಯ ಆಕ್ಷೇಪ 18 ಲಕ್ಷದ ಬಗ್ಗೆಯೋ ಗಿಡದ ಕೆಲಸದ ಬಗ್ಗೆಯೋ ನನಗೆ ತಿಳಿಯದು. ಮೊದಲನೆಯದಾದರೆ ಅವರು ಸರಿಯಾಗಿಯೇ ಹೇಳಿದ್ದಾರೆ. ಒಂದು ವರ್ಷದ ಮನೆಖರ್ಚನ್ನು ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟ ಮೇಲೆ ಈ ಮಾತು ಮತ್ತೆ ಎತ್ತಿ.

ಹೆಸರಿನ ವಿಷಯ: ಅದಕ್ಕಾಗಿ ದೊಡ್ಡ ಮೊತ್ತ ಬೇಡ, ಆದರೆ ಪತ್ರದಲ್ಲಿ ಗುಡ್‌ವಿಲ್‌ಗೆಂದು (ವ್ಯಾಪಾರ ಗಳಿಸಿದ ಹೆಸರು ಮತ್ತು ಗ್ರಾಹಕರ ವಿಶ್ವಾಸಕ್ಕೆ) ಒಂದು ಸಣ್ಣ ಮೊತ್ತವನ್ನು ಪ್ರತ್ಯೇಕವಾಗಿ ಕಾಣಿಸಿ. ಮಾರಿದವರು ಅದೇ ಪ್ರದೇಶದಲ್ಲಿ ಅದೇ ವ್ಯಾಪಾರ ಮಾಡಬಾರದೆಂಬ ಷರತ್ತು, ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಗುಡ್‌ವಿಲ್ ಮಾರಾಟವಾದಾಗ, ಅದೂ ನ್ಯಾಯವಾದ ಸ್ಥಳಮಿತಿಯೊಳಗೆ ಮಾತ್ರ ನಿಲ್ಲುತ್ತದೆ. ಫಲಕದ ಮೇಲೆ ಹಳೆಯ ಹೆಸರನ್ನು ಒಂದು ವರ್ಷ ಉಳಿಸಿಕೊಂಡರೆ ಸಾಕು. ಬಿಲ್ ಪುಸ್ತಕ, ಬ್ಯಾಂಕ್ ಖಾತೆ ಮತ್ತು ನೋಂದಣಿ ಮೊದಲ ದಿನದಿಂದಲೇ ನಿಮ್ಮ ಹೆಸರಿನಲ್ಲಿರಲಿ.