ತೆರೆದ ಟ್ರೇಲರ್‌ನ ಸ್ನೋಮೊಬೈಲ್ ಟೈ-ಡೌನ್‌ಗೆ ಕಡು ಚಳಿಯಲ್ಲಿ ಯಾವ ಬೀಗ ಹಾಕಬೇಕು?

ಅಮೆರಿಕದ ಮಿನಿಯಾಪೊಲಿಸ್‌ನಿಂದ ಡುಲೂತ್ ಆಚೆಗೆ ತೆರೆದ ಟ್ರೇಲರ್‌ನಲ್ಲಿ ಎರಡು ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಬಂಡಿ) ಒಯ್ಯುತ್ತೀರಿ, ರಾತ್ರಿ ಮೋಟೆಲ್ ಎದುರು ನಿಲ್ಲಿಸುತ್ತೀರಿ, ಮೈನಸ್ 25 ಡಿಗ್ರಿಯಲ್ಲೂ ಬೀಗ ತೆರೆಯಬೇಕು. ಅದಕ್ಕೆ 12 ಮಿ.ಮೀ. ಕೊಂಡಿಯ ದೊಡ್ಡ ಬೀಗ ಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ಕೊಂಡಿ ಎಷ್ಟು ದಪ್ಪ ಇರಬೇಕೆಂದು ಟೈ-ಡೌನ್‌ನ, ಅಂದರೆ ಸ್ನೋಮೊಬೈಲನ್ನು ಟ್ರೇಲರ್‌ಗೆ ಅದುಮಿ ಹಿಡಿಯುವ ಬಾರ್‌ನ, ತೂತೇ ತೀರ್ಮಾನಿಸುತ್ತದೆ. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಬೀಗದೊಳಗೆ ಹೊಕ್ಕ ನೀರಿನ ಬಗ್ಗೆ. ಚಳಿಯೊಂದೇ ಆದರೆ ಒಣಗಿದ ಬೀಗ ಸಾಮಾನ್ಯವಾಗಿ ಕೈಕೊಡುವುದಿಲ್ಲ.

ಮೊದಲು ತೂತು ಅಳೆಯಿರಿ. ಕ್ಯಾಲಿಪರ್ ಇಲ್ಲದಿದ್ದರೆ ಡ್ರಿಲ್ ಬಿಟ್‌ಗಳನ್ನು ಒಂದೊಂದಾಗಿ ತೂರಿಸಿ ನೋಡಿ. ಸಲೀಸಾಗಿ ದಾಟುವ ಅತಿ ದಪ್ಪದ ಬಿಟ್ಟೇ ನಿಮ್ಮ ಅಳತೆ. ಕೊಂಡಿ ಅದಕ್ಕಿಂತ 1 ಮಿ.ಮೀ. ತೆಳುವಿರಲಿ, ಇಲ್ಲದಿದ್ದರೆ ತೂತಿನಂಚಿಗೆ ಐಸ್ ಕಟ್ಟಿದಾಗ ಕೊಂಡಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಬಹಳ ಕಡೆ 6 ಅಥವಾ 8 ಮಿ.ಮೀ. ಕೊಂಡಿಯೇ ಹಿಡಿಸುವುದು. ದಪ್ಪ ಕೊಂಡಿಗಾಗಿ ಅಲ್ಯೂಮಿನಿಯಂ ಬಾರ್‌ನ ತೂತು ದೊಡ್ಡದು ಮಾಡಬೇಡಿ. ಅಂಚು ತೆಳುವಾದರೆ ಕಳ್ಳ ಬೀಗ ಬಿಟ್ಟು ಅದನ್ನೇ ಹರಿಯುತ್ತಾನೆ. ಕೊಂಡಿ ಗಿಡ್ಡವಿದ್ದಷ್ಟೂ ಒಳ್ಳೆಯದು: ಕಟ್ಟರ್‌ಗೆ ಜಾಗ ಕಡಿಮೆ, ದಾರಿಯುದ್ದಕ್ಕೂ ಬಡಿದಾಡುವುದೂ ಕಡಿಮೆ. ಇನ್ನೊಂದು ಮಾತು, ಬೀಗದ ಮೇಲೆ ಭಾರ ಬೀಳಬಾರದು. ಸ್ನೋಮೊಬೈಲ್‌ನ ಮುಂದಿನ ಸ್ಕೀಗಳನ್ನು (ಜಾರುಪಟ್ಟಿಗಳನ್ನು) ಅದುಮಿ ಹಿಡಿಯುವುದು ಬಾರ್ ಮತ್ತು ಅದರ ತಿರುಪು; ಬೀಗ ಇರುವುದು ಹಿಡಿಕೆ ತಿರುಗದಂತೆ ತಡೆಯಲು ಮಾತ್ರ. ಬಿಗಿ ಮಾಡಿ ಮುಗಿಸಿದ ಮೇಲೆ ಬೀಗ ಹಾಕಿ.

ಈಗ ಒಳಗಿನ ಯಂತ್ರ. ಸಾಮಾನ್ಯ ಬೀಗಗಳಲ್ಲಿ ಪುಟ್ಟ ಪಿನ್ನುಗಳೂ ಅವುಗಳ ಮೇಲೆ ಕೂದಲಿನಂಥ ಸ್ಪ್ರಿಂಗುಗಳೂ ಇರುತ್ತವೆ. ಒಂದು ಹನಿ ನೀರು ಹೆಪ್ಪುಗಟ್ಟಿದರೆ ಪಿನ್ ಮೇಲೇಳುವುದಿಲ್ಲ, ಕೀ ಅರ್ಧಕ್ಕೇ ನಿಲ್ಲುತ್ತದೆ. ಪಿನ್ನುಗಳ ಬದಲು ತಿರುಗುವ ಬಿಲ್ಲೆಗಳಿರುವ ಡಿಸ್ಕ್ ಬೀಗಗಳಲ್ಲಿ ಕೀ ಹೋಗುವ ಭಾಗದಲ್ಲಿ ಆ ಸ್ಪ್ರಿಂಗುಗಳೇ ಇಲ್ಲ. ಕೀ ತಿರುಗಿಸಿದಾಗ ಬಿಲ್ಲೆಗಳೂ ಜೊತೆಗೇ ತಿರುಗಿ ತೆಳು ಐಸನ್ನು ಒಡೆದು ಹಾಕುತ್ತವೆ. ಫಿನ್ಲೆಂಡ್‌ನ ಅಬ್ಲಾಯ್ ಬೀಗಗಳು ಈ ಬಗೆಯವು. ಎಮಿಲ್ ಹೆನ್ರಿಕ್ಸನ್ ಈ ವಿನ್ಯಾಸ ಮಾಡಿದ್ದು 1907ರಲ್ಲಿ. ದುಬಾರಿ ಹೌದು, ಆದರೆ ನಿಮ್ಮ ಬಳಕೆಗೆ ನಾನು ಮೊದಲು ಹೇಳುವುದು, ತೂತಿಗೆ ಹಿಡಿಸಿದರೆ, 8 ಮಿ.ಮೀ. ಗಟ್ಟಿ ಉಕ್ಕಿನ ಕೊಂಡಿಯ ಡಿಸ್ಕ್ ಬೀಗವನ್ನೇ. ಅಷ್ಟು ಖರ್ಚು ಬೇಡವೆಂದರೆ ಗಟ್ಟಿ ಹಿತ್ತಾಳೆ ಮೈಯ, ರಬ್ಬರ್ ಅಥವಾ ವಿನೈಲ್ ಕವಚದ, ಕೀ ತೂತಿಗೆ ಮುಚ್ಚಳವಿರುವ, ತಳದಲ್ಲಿ ನೀರು ಸೋರಲು ದಾರಿಯಿರುವ ಬೀಗ ಆರಿಸಿ. ಉಕ್ಕಿನ ತಗಡುಗಳನ್ನು ಪದರ ಪದರವಾಗಿ ಜೋಡಿಸಿದ ಅಗ್ಗದ ಬೀಗ ಬೇಡ, ಪದರಗಳ ನಡುವೆ ಉಪ್ಪುನೀರು (ಐಸ್ ಕರಗಲೆಂದು ರಸ್ತೆಗೆ ಹಾಕುವ ಉಪ್ಪಿನದು) ಇಳಿದು ತುಕ್ಕು ಹಿಡಿಸುತ್ತದೆ. ಎರಕದ ಸತು ಮಿಶ್ರಲೋಹದ ಬೀಗವಂತೂ ಬೇಡವೇ ಬೇಡ. ಸೊನ್ನೆಗಿಂತ ಕೆಳಗೆ ಅದು ಪೆಡಸಾಗುತ್ತದೆ, ಸುತ್ತಿಗೆಯ ಏಟಿಗೆ ಬಿರಿಯುತ್ತದೆ. ನಂಬರ್ ಬೀಗದ ಚಕ್ರಗಳ ಸಂದಿಗೆ ಐಸ್ ಕೂತರೆ ಗ್ಲೌಸ್ ಹಾಕಿದ ಕೈಯಲ್ಲಿ ಏನೂ ಮಾಡಲಾಗದು.

ಬೀಗವನ್ನು ಕೀ ತೂತು ಕೆಳಮುಖವಾಗಿ ತೂಗಾಡಿಸಿ. ಚಕ್ರದಿಂದ ಉಪ್ಪುನೀರು ಮೇಲೆ ಚಿಮ್ಮುವ ಕಡೆ ಮುಚ್ಚಳ ಕಡ್ಡಾಯ. ಜನ ಮರೆಯುವುದು ಒಂದನ್ನು: ತಣ್ಣಗಿನ ಬೀಗವನ್ನು ಬೆಚ್ಚಗಿನ ಕೋಣೆಗೆ ತಂದರೆ ಗಾಳಿಯ ತೇವ ಅದರ ಮೇಲೆ, ಒಳಗೆ ಹನಿಗಟ್ಟುತ್ತದೆ. ಬೆಳಿಗ್ಗೆ ಹಾಗೇ ಹೊರಗೊಯ್ದರೆ ಆ ಹನಿಯೇ ಐಸ್. ಒಂದೋ ಹೊರಗೇ ಬಿಡಿ, ಇಲ್ಲವೇ ಪೂರ್ತಿ ಒಣಗಿಸಿ. ಕೀಯನ್ನೂ ಒರೆಸಿಯೇ ತೂರಿಸಿ.

ಎಣ್ಣೆಯ ವಿಷಯದಲ್ಲಿ, ಗ್ರೀಸ್ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಪಿನ್ ಬೀಗಕ್ಕೆ ಪಿಟಿಎಫ್‌ಇ (ಟೆಫ್ಲಾನ್) ಒಣ ಸ್ಪ್ರೇ ಒಳ್ಳೆಯದು: ಮನೆಯಲ್ಲೇ ಹೊಡೆದು, ಕೀಯನ್ನು ಹತ್ತು ಸಲ ಆಡಿಸಿ, ಒಣಗಲು ಬಿಡಿ. ಗ್ರಾಫೈಟ್ ಪುಡಿ ಒಣ ಜಾಗಕ್ಕೆ ಸರಿ, ಆದರೆ ಎಣ್ಣೆ ಸೇರಿದರೆ ಕೆಸರಾಗುತ್ತದೆ, ಉಪ್ಪುನೀರಿನ ಜೊತೆ ಅಲ್ಯೂಮಿನಿಯಂ ಸವೆಯಲೂ ಕಾರಣವಾಗುತ್ತದೆ. ಡಿಸ್ಕ್ ಬೀಗಕ್ಕೆ ತಯಾರಕರು ಹೇಳಿದ ತೆಳು ಎಣ್ಣೆಯನ್ನೇ ಹಾಕಿ.

ಇಷ್ಟಾದರೂ ಹೆಪ್ಪುಗಟ್ಟಿತೆನ್ನಿ. ಬಲವಂತವಾಗಿ ತಿರುಗಿಸಬೇಡಿ, ಕೀ ಮುರಿದು ಒಳಗೇ ಉಳಿಯುತ್ತದೆ. ಬಿಸಿನೀರು ಸುರಿಯಬೇಡಿ, ಕೆಲವೇ ನಿಮಿಷದಲ್ಲಿ ಮೊದಲಿಗಿಂತ ಹೆಚ್ಚು ಐಸ್ ಆಗುತ್ತದೆ. ಆಲ್ಕೊಹಾಲ್ ಇರುವ ಡಿ-ಐಸರ್ (ಐಸ್ ಕರಗಿಸುವ ದ್ರವ) ಹೊಡೆದು ಒಂದೆರಡು ನಿಮಿಷ ಕಾದು ಕೀಯನ್ನು ಮೆಲ್ಲಗೆ ಒಳಹೊರಗೆ ಆಡಿಸಿ. ಡಿ-ಐಸರನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಬೀಗ ಹಾಕಿದ ಡಬ್ಬಿಯೊಳಗಿದ್ದರೆ ಏನು ಪ್ರಯೋಜನ. ತೆರೆದ ಮೇಲೆ ಆಲ್ಕೊಹಾಲ್ ಒಳಗಿನ ಜಿಡ್ಡನ್ನೂ ತೊಳೆದಿರುತ್ತದೆ, ಆದ್ದರಿಂದ ಮನೆಗೆ ಬಂದು ಸಿಹಿನೀರಲ್ಲಿ ಉಪ್ಪು ತೊಳೆದು, ಒಣಗಿಸಿ, ಮತ್ತೆ ಆ ಬೀಗಕ್ಕೆ ತಕ್ಕ ಸ್ಪ್ರೇ ಅಥವಾ ಎಣ್ಣೆ ಹಾಕಿ.

ಎರಡು ಬಾರ್‌ಗೆ ಎರಡು ಬೀಗ, ಟ್ರೇಲರ್ ಕಪ್ಲರ್‌ಗೆ (ವಾಹನಕ್ಕೆ ಕೂಡಿಕೊಳ್ಳುವ ಅದರ ತುದಿಗೆ) ಒಂದು, ವಾಹನದ ಹಿಂಬದಿಯ ಎಳೆಯುವ ಕೊಕ್ಕೆಯನ್ನು ಹಿಡಿದಿಡುವ ಹಿಚ್ ಪಿನ್ನಿಗೆ ಒಂದು. ಕೊನೆಯ ಎರಡು ಇಲ್ಲದಿದ್ದರೆ ಟ್ರೇಲರ್ ಸಮೇತ ಎಳೆದೊಯ್ಯುತ್ತಾರೆ. ಕೊಳ್ಳುವಾಗಲೇ ಸಾಧ್ಯವಾದಷ್ಟಕ್ಕೂ ಒಂದೇ ಕೀ ಇರುವ ಸೆಟ್ ಕೇಳಿ. ಕೀಗೆ ಗಾಢ ಬಣ್ಣದ ದಾರ ಕಟ್ಟಿ, ಹಿಮದಲ್ಲಿ ಬಿದ್ದರೆ ಕಾಣುತ್ತದೆ. ಎರಡನೆಯ ಕೀ ಜೊತೆಯಲ್ಲಿ ಬರುವವರ ಬಳಿ ಇರಲಿ.