ಅಡುಗೆ ಕಟ್ಟೆಗೆ ಗ್ರಾನೈಟೋ, ಕ್ವಾರ್ಟ್ಸೋ?

ಪ್ರಶ್ನೆ: ಹೊಸ ಮನೆಯ ಅಡುಗೆ ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿಸಬೇಕೆಂದಿದ್ದೆವು. ಅಂಗಡಿಯವರು ಬಿಳಿ ಕ್ವಾರ್ಟ್ಸ್ ತೋರಿಸಿ, ಅದೂ ಕಲ್ಲೇ, ಕಲೆಯೂ ಹಿಡಿಯುವುದಿಲ್ಲ ಎನ್ನುತ್ತಿದ್ದಾರೆ. ಯಾವುದನ್ನು ಆರಿಸಿಕೊಳ್ಳಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಕ್ವಾರ್ಟ್ಸ್ ಹೆಸರಿನಲ್ಲಿ ಮಾರಾಟವಾಗುವ ಸ್ಲ್ಯಾಬ್ ಗಣಿಯಿಂದ ಹಾಗೆಯೇ ಬಂದದ್ದಲ್ಲ. ತೂಕದಲ್ಲಿ ಶೇಕಡಾ 90ರ ಆಸುಪಾಸು ಬೆಣಚುಕಲ್ಲಿನ ಪುಡಿಗೆ ರೆಸಿನ್ ಎಂಬ ಅಂಟನ್ನೂ ಬಣ್ಣವನ್ನೂ ಬೆರೆಸಿ, ಒತ್ತಿ, ಕಾಯಿಸಿ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಾರೆ. ರೆಸಿನ್ ಸಂದುಗಳನ್ನೆಲ್ಲ ಮುಚ್ಚಿರುವುದರಿಂದ ಎಣ್ಣೆ, ಸಾರು ಒಳಗಿಳಿಯುವುದಿಲ್ಲ ಎಂಬುದು ನಿಜ. ಆದರೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಾಗಿದರೆ ಅದೇ ರೆಸಿನ್ ಕಂದುಬಣ್ಣಕ್ಕೆ ತಿರುಗಬಹುದು, ಸ್ಲ್ಯಾಬ್ ಬಿರುಕು ಬಿಡಲೂಬಹುದು, ಮತ್ತು ಹಾಗೆ ಸುಟ್ಟ ಗುರುತು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ದೋಸೆಯ ಕಾವಲಿಯೂ ಒಗ್ಗರಣೆಯ ಬಾಣಲೆಯೂ ಈ ಮಟ್ಟವನ್ನು ಸುಲಭವಾಗಿ ದಾಟುತ್ತವೆ, ಅವಸರದಲ್ಲಿ ಅವನ್ನು ಒಲೆಯಿಂದಿಳಿಸಿ ಕಟ್ಟೆಯ ಮೇಲೆಯೇ ಇಡುವುದು ನಮ್ಮಲ್ಲಿ ದಿನನಿತ್ಯದ ಮಾತು. ಬಿಳಿ ಸ್ಲ್ಯಾಬಿನ ಮೇಲೆ ಅರಿಸಿನ ಒಣಗಿದರೆ ಛಾಯೆ ಉಳಿಯುವುದುಂಟು. ಕಿಟಕಿಯಿಂದ ನೇರ ಬಿಸಿಲು ಬೀಳುವಲ್ಲಿ ಬಿಳುಪು ಕ್ರಮೇಣ ಹಳದಿಯಾಗಬಹುದು.

ಆದ್ದರಿಂದ ನಿಮ್ಮ ಮೊದಲ ಆಯ್ಕೆಯೇ ಸರಿಯೆಂದು ನನ್ನ ಅಭಿಪ್ರಾಯ. ಗ್ರಾನೈಟ್ ಬಿಸಿ ಪಾತ್ರೆಯನ್ನು ತಡೆದುಕೊಳ್ಳುತ್ತದೆ. ನಿಂಬೆ, ಹುಣಸೆಯ ಹುಳಿ ತಾಗಿದರೆ ಅಮೃತಶಿಲೆಯಂತೆ ಹೊಳಪು ಕಳೆದುಕೊಳ್ಳುವುದಿಲ್ಲ. ಚಾಮರಾಜನಗರದ ಕಪ್ಪು ಶಿಲೆ ಬಹಳ ಒತ್ತಾದದ್ದು, ನೀರು ಹೀರುವುದು ತೀರ ಕಡಿಮೆ. ತಿಳಿಬಣ್ಣದ ಗ್ರಾನೈಟಾದರೆ ಸಂದುಗಳನ್ನು ಮುಚ್ಚುವ ಸೀಲರ್ ಎಂಬ ದ್ರವವನ್ನು ಬಳಿಸಲೇಬೇಕು. ಕೊಳ್ಳುವ ಮುನ್ನ ತುಂಡೊಂದರ ಮೇಲೆ ನೀರಿನ ಹನಿ ಬಿಟ್ಟು ಹತ್ತು ನಿಮಿಷ ಕಾಯಿರಿ; ಒರೆಸಿದ ಜಾಗ ಗಾಢವಾಗಿ ಕಂಡರೆ ಕಲ್ಲು ನೀರು ಕುಡಿಯುತ್ತದೆ ಎಂದರ್ಥ. ಕಪ್ಪು ಕಲ್ಲಿಗೆ ಇನ್ನೊಂದು ಪರೀಕ್ಷೆಯೂ ಬೇಕು: ಬೂದುಬಣ್ಣದ ಕಲ್ಲಿಗೆ ಬಣ್ಣ ಹಚ್ಚಿ ಮಾರುವವರಿರುವುದರಿಂದ, ಬಿಳಿ ಬಟ್ಟೆಯನ್ನು ಅಸಿಟೋನಿನಲ್ಲಿ (ಉಗುರುಬಣ್ಣ ತೆಗೆಯಲು ಬಳಸುವ ದ್ರವ) ಅದ್ದಿ ಉಜ್ಜಿ ನೋಡಿರಿ, ಬಟ್ಟೆಗೆ ಕಪ್ಪು ಹತ್ತಿದರೆ ಆ ಕಲ್ಲು ಬೇಡ.

ಅಂಗಡಿಯಲ್ಲಿ ಹೇಳದ ಸಂಗತಿಯೊಂದಿದೆ. ಕ್ವಾರ್ಟ್ಸ್ ಸ್ಲ್ಯಾಬನ್ನು ಒಣದಾಗಿ ಕೊಯ್ದಾಗ ಏಳುವ ಧೂಳಿನಲ್ಲಿ ಬೆಣಚುಕಲ್ಲಿನ ಅಂಶವಾದ ಸಿಲಿಕಾ ಅತಿ ಹೆಚ್ಚು. ಅದನ್ನು ಉಸಿರಾಡಿದ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ, ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲನ್ನು ನಿಷೇಧಿಸಿತು. ಗ್ರಾನೈಟಿನ ಧೂಳಿನಲ್ಲಿಯೂ ಸಿಲಿಕಾ ಇದ್ದೇ ಇರುತ್ತದೆ. ಯಾವ ಕಲ್ಲನ್ನೇ ಆರಿಸಿದರೂ ಸಿಂಕಿನ ಕಿಂಡಿಯನ್ನು ನೀರು ಹಾಯಿಸುತ್ತಲೇ ಕೊಯ್ಯುವಂತೆ ಮೇಸ್ತ್ರಿಗೆ ಮೊದಲೇ ತಿಳಿಸಿರಿ, ಅದಕ್ಕೆ ತಗಲುವ ಹೆಚ್ಚಿನ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿರಿ.